ಹಿಡಿ ಅಕ್ಕಿಯ ಸೋಮವಾರಗಳು

ನಮ್ಮ ಕ್ರೈಸ್ತ ಸಭೆಯ ಸೇವಾ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ಕಾಲೇಜಿನಲ್ಲಿ ಸಮಾಜಸೇವೆಯನ್ನೇ ಓದಿ ಪಾಸು ಮಾಡಿದವರು. ಕಾಫಿ ಕುಡಿಯುತ್ತಾ ಅವರಲ್ಲಿ ಒಬ್ಬಳು, "ಸುಗುಣಾಂಟಿ, ನಿಮ್ಮ ಕಾಲದಲ್ಲಿ ಕಾರ್ಯವಿಧಾನ ಏನಿತ್ತು?" ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಆ ಮಾತನ್ನು ನಾನು ಮೊದಲ ಸಲ ಕೇಳಿದ್ದೇ ನಿವೃತ್ತಿ ಹತ್ತಿರ ಬಂದ ಮೇಲೆ. ನಮಗಿದ್ದದ್ದು ಒಂದು ಕೊಡೆ, ಒಂದು ಜೊತೆ ಚಪ್ಪಲಿ, ಬೇಕಾದಷ್ಟು ಬಾಯಿ. ಆದರೂ ಮಕ್ಕಳು ಕೇಳಿದ್ದಾರೆ, ಹಾರಿಕೆ ಉತ್ತರ ಕೊಡಬಾರದು. ನೆನಪಿದ್ದಷ್ಟನ್ನು ಬರೆಯುತ್ತೇನೆ.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ನಾನು ಕೆಲಸಕ್ಕೆ ಸೇರಿದೆ. ಸಭೆಯವರು ನನಗಿಟ್ಟ ಹೆಸರು 'ಮನೆಭೇಟಿ ಸೇವಕಿ'. ಬನ್ನಿಮಂಟಪದ ಆಚೆಗಿದ್ದ ಕೇರಿಗಳು, ಮೇಟಗಳ್ಳಿ ಕಡೆಯ ಗುಡಿಸಲುಗಳು ನನ್ನ ಪಾಲಿಗೆ ಬಂದವು. ಮನೆ ಮನೆಗೆ ಹೋಗಬೇಕು, ಕಷ್ಟ ಸುಖ ವಿಚಾರಿಸಬೇಕು, ಕಾಯಿಲೆಯವರನ್ನು ಆಸ್ಪತ್ರೆಗೆ ಸೇರಿಸಬೇಕು, ಹೆಣ್ಣುಮಕ್ಕಳನ್ನು ಸ್ಕೂಲಿಗೆ ಕಳಿಸಿ ಎಂದು ತಾಯಂದಿರ ಕಾಲು ಹಿಡಿಯಬೇಕು. ಕೇಳುವುದಕ್ಕೆ ಚೆನ್ನಾಗಿದೆ. ಮೊದಲ ದಿನ ಇಸ್ತ್ರಿ ಸೀರೆ ಉಟ್ಟು, ಹೆಗಲಿಗೆ ಕಪ್ಪು ಚೀಲ ತಗುಲಿಸಿಕೊಂಡು ಕೇರಿಗೆ ಕಾಲಿಟ್ಟೆ. ನೋಡುನೋಡುತ್ತಲೇ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಮಕ್ಕಳನ್ನೆಲ್ಲ ಎಳೆದೆಳೆದು ಒಳಕ್ಕೆ ಹಾಕಿದರು. ನನಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ಜಗಲಿಯ ಮೇಲಿದ್ದ ಮುದುಕಿಯೊಬ್ಬಳು, ಎದ್ದು ಹೋಗುವ ಶಕ್ತಿಯಿಲ್ಲದೆ ಸಿಕ್ಕಿಬಿದ್ದವಳು, "ಈ ಕೇರಿ ಮಕ್ಳಿಗೆಲ್ಲ ಹ್ವಾದ್ ವರ್ಸವೇ ದಾಕು ಹಾಕ್ಸಾಯ್ತು ಕಣವ್ವ, ನೀ ಹೋಗು" ಎಂದಳು. ಸಿಡುಬಿನ ಚುಚ್ಚುಮದ್ದಿನವಳು ಎಂದುಕೊಂಡು ಇಡೀ ಕೇರಿ ನನ್ನಿಂದ ತಪ್ಪಿಸಿಕೊಂಡಿತ್ತು.

ಸಂಜೆ ಇದನ್ನು ನಮ್ಮ ಸಭಾಪಾಲಕರಾದ ಅಯ್ಯನವರಿಗೆ ಹೇಳಿದೆ. ತೆಳ್ಳಗಿನ ಆಳು, ಮಾತು ಕಡಿಮೆ, ಎಲ್ಲಿಗೆ ಹೋದರೂ ಸೈಕಲ್ಲು. ಅವರು ಹೊಟ್ಟೆ ತುಂಬ ನಕ್ಕು, "ನಾಳೆಯಿಂದ ಬರೀ ಕೈಯಲ್ಲಿ ಹೋಗಮ್ಮ. ಚೀಲ ಇದ್ದರೆ ಏನೋ ಕೊಡ್ತಾರೆ, ಇಲ್ಲ ಏನೋ ಚುಚ್ಚುತಾರೆ ಅಂದ್ಕೋತಾರೆ. ಬರೀ ಕೈ ಇದ್ದರೆ ಕೂತ್ಕೋ ಅಂತಾರೆ" ಎಂದರು. ನನಗೆ ಸಿಕ್ಕ ತರಬೇತಿ ಅಷ್ಟೇ. ಮೂರನೆಯ ದಿನ ಅದೇ ಮುದುಕಿ ನನಗೆ ಜಗಲಿ ಗುಡಿಸಿ ಜಾಗ ಕೊಟ್ಟಳು.

ಹಾಲಿನ ಪುಡಿಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷ ಹೊರದೇಶದಿಂದ ದೊಡ್ಡ ದೊಡ್ಡ ಡ್ರಮ್ಮುಗಳಲ್ಲಿ ಹಾಲಿನ ಪುಡಿ ಬರುತ್ತಿತ್ತು. ಪೊಟ್ಟಣ ಕಟ್ಟಿ ಕೇರಿಯ ತಾಯಂದಿರಿಗೆ ಹಂಚುತ್ತಿದ್ದೆವು. ಒಂದು ದಿನ ಅಯ್ಯನವರೂ ನಾನೂ ಬಿಸಿಲಿನಲ್ಲಿ ಸುಸ್ತಾಗಿ ಕೇರಿಯ ಬಾಯಲ್ಲಿದ್ದ ಸಣ್ಣ ಹೋಟೆಲಿಗೆ ಹೊಕ್ಕೆವು. ಕಾಫಿ ಗಟ್ಟಿಯಾಗಿ, ಘಮ್ಮೆಂದು ಬಂತು. ಅಯ್ಯನವರು ಹೊಗಳಿದರು. ಹೋಟೆಲಿನವನು ಹಿಗ್ಗಿ, "ಎಲ್ಲಾ ನಿಮ್ಮ ಪುಡಿದೇ ಮಹಿಮೆ ಕಣ್ರೀ ಅಯ್ಯನೋರೆ, ಹಸುವಿನ ಹಾಲಿಗೆ ಈ ಮಂದ ಎಲ್ಲಿ ಬಂದದು?" ಎಂದ. ಅಯ್ಯನವರು ಲೋಟ ಕೆಳಗಿಡಲಿಲ್ಲ, ಪೂರ್ತಿ ಕುಡಿದು ದುಡ್ಡು ಕೊಟ್ಟು ಎದ್ದರು. ಮಾರನೆಯ ವಾರದಿಂದ ಪೊಟ್ಟಣ ನಿಂತಿತು. ನಾವೇ ಹಾಲು ಕದಡಿ, ಮಕ್ಕಳನ್ನು ಸಾಲಾಗಿ ಕೂರಿಸಿ, ಎದುರಿಗೇ ಕುಡಿಸತೊಡಗಿದೆವು.

ಆದರೆ ಹುಡುಗಿಯರೇ, ನಿಮಗೆ ನಾನು ನಿಜವಾಗಿ ಹೇಳಬೇಕೆಂದಿರುವುದು ಹಾಲಿನ ಕಥೆಯಲ್ಲ, ಅಕ್ಕಿಯ ಕಥೆ.

ನಮ್ಮ ಸಭೆಯ ಹೆಂಗಸರಲ್ಲಿ ಒಂದು ಪದ್ಧತಿಯಿತ್ತು. ಅನ್ನಕ್ಕೆ ಅಕ್ಕಿ ಅಳೆದುಕೊಂಡ ಮೇಲೆ, ತೊಳೆಯುವ ಮುಂಚೆ, ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಮನೆಯವರ ಪಾಲಿನಲ್ಲಿ ಒಂದು ಹಿಡಿ ಕಡಿಮೆಯಾಗಬೇಕು, ಅದು ಬಡವರಿಗೆ. ಭಾನುವಾರ ಆರಾಧನೆಗೆ ಬರುವಾಗ ಡಬ್ಬಿ ತಂದು, ದೇವಾಲಯದ ಹಿಂದಿನ ಕೋಣೆಯಲ್ಲಿದ್ದ ಚೀಲಕ್ಕೆ ಸುರಿಯುತ್ತಿದ್ದರು. ಸೋಮವಾರ ಅದನ್ನು ಕೇರಿಯ ಕಷ್ಟದ ಮನೆಗಳಿಗೆ ಅಳೆದು ಕೊಡುವುದು ನನ್ನ ಕೆಲಸ. ಡಾಕ್ಟರ ಮನೆಯ ಸಣ್ಣಕ್ಕಿ, ಗುಮಾಸ್ತರ ಮನೆಯ ರೇಷನ್ ಅಕ್ಕಿ, ಮಂಗಳೂರು ಕಡೆಯಿಂದ ಬಂದವರ ಕುಸುಬಲಕ್ಕಿ, ಯಾರದೋ ಕೆಂಪಕ್ಕಿ, ಯಾರದೋ ನುಚ್ಚು, ಎಲ್ಲವೂ ಒಂದೇ ಚೀಲದಲ್ಲಿ. ಸಭೆ ಪೂರ್ತಿ ಒಗ್ಗಟ್ಟಾಗಿದ್ದದ್ದು ಆ ಚೀಲದಲ್ಲಿ ಮಾತ್ರ. ಬೇಯಿಸುವಾಗ ಅಲ್ಲಿಯೂ ಒಗ್ಗಟ್ಟು ಮುರಿಯುತ್ತಿತ್ತು. ಒಂದು ಕಾಳು ಕರಗಿ ಗಂಜಿಯಾಗುವ ಹೊತ್ತಿಗೆ ಇನ್ನೊಂದು ಹಲ್ಲಿಗೆ ಕಟಕ್ಕೆನ್ನುತ್ತಿತ್ತು.

ಈ ಅಕ್ಕಿಗೆ ಬಂದವರಲ್ಲಿ ಒಬ್ಬಳು ಸಾಕಮ್ಮ. ಬನ್ನಿಮಂಟಪದ ಆಚೆಯ ಕೇರಿಯವಳು, ಮನೆಯಲ್ಲಿ ಕುಳಿತು ಊದುಬತ್ತಿ ಹೊಸೆಯುವವಳು. ಗಂಡ ಕ್ಷಯದಿಂದ ಮಲಗಿದಾಗ ಆಸ್ಪತ್ರೆಗೆ ಸೇರಿಸಲು ಓಡಾಡಿದ್ದವಳು ನಾನೇ. ಅವನು ಉಳಿಯಲಿಲ್ಲ. ಉಳಿದವರು ಇವಳು ಮತ್ತು ಮಗಳು ರಾಜಿ. ನಾನು ಹೇಳಿದ ಮೇಲೆ ಸಾಕಮ್ಮ ಒಂದು ಸೋಮವಾರ ಬಂದಳು. ಆ ಕೋಣೆಯ ಮುಂದಿನ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದ ಹೆಂಗಸರ ಜೊತೆ ಅವಳು ಕೂರಲಿಲ್ಲ. ಚೀಲದೊಳಗೆ ಕೈ ಹಾಕಿ ನೋಡಿ, "ಅಕ್ಕೋರೆ, ಇದ ಇಂಗೇ ಬೇಯ್ಸುದ್ರೆ ಯಾರ ಹಲ್ಲು ಉಳ್ದದು? ಒಂದು ಮೊರ ಇದ್ರೆ ಕೊಡಿ ಇತ್ಲಾಗೆ" ಎಂದಳು. ಕೇರಿದಳು, ಕಲ್ಲು ಆರಿಸಿದಳು, ಕುಸುಬಲನ್ನು ಆದಷ್ಟು ಬೇರೆ ಮಾಡಿದಳು. ಆಮೇಲೆ ತನ್ನ ಪಾಲು ಸೆರಗಿಗೆ ಹಾಕಿಸಿಕೊಂಡು ಹೋದಳು. ಮುಂದಿನ ಸೋಮವಾರವೂ ಹಾಗೇ.

"ಬಿಡು ಸಾಕಮ್ಮ, ಎಲ್ಲರ ಅಕ್ಕೀನೂ ನೀನೊಬ್ಬಳೇ ಯಾಕೆ ಹಸನು ಮಾಡ್ತೀಯ?" ಎಂದು ಒಮ್ಮೆ ಕೇಳಿದೆ.

"ಸುಮ್ಕೆ ಕೂತ್ಕಂಡು ಈಸ್ಕಳಕೆ ನನ್ಗೆ ಆಗಕಿಲ್ಲ ಕಣ್ರಕ್ಕೋರೆ" ಎಂದಳು. ನನಗೂ ಅನುಕೂಲವೇ ಆಗಿತ್ತು. ಕಲ್ಲಿನ ದೂರು ನಿಂತಿತ್ತು.

ಈಗ ಎಸ್ತರಮ್ಮನವರು ಬರಬೇಕು. ಸ್ತ್ರೀಯರ ಸಂಘದ ಅಧ್ಯಕ್ಷಿಣಿ, ಹೆಡ್ ಮೇಡಂ ಆಗಿ ನಿವೃತ್ತರಾದವರು, ನನ್ನ ನಿಜವಾದ ಮೇಲಧಿಕಾರಿ. ಅಯ್ಯನವರು ನನಗೆ ಹೇಳುತ್ತಿದ್ದರು, ಎಸ್ತರಮ್ಮನವರು ಅಯ್ಯನವರಿಗೇ ಹೇಳುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಗುಣ ಎಂದು ಹೊಗಳುವವರು ಅವರ ಜೊತೆ ಕೆಲಸ ಮಾಡಿ ನೋಡಬೇಕಿತ್ತು. ಅಯ್ಯನವರು ಹೊಸದಾಗಿ ಬಂದಾಗ ಆರಾಧನೆಯಲ್ಲಿ ಮೊದಲ ಉಪದೇಶ ಪ್ರಸಂಗ ಮುಗಿಸಿ, ಬಾಗಿಲಲ್ಲಿ ನಿಂತು, "ಹೇಗಿತ್ತಮ್ಮ?" ಎಂದು ವಿನಯದಿಂದ ಕೇಳಿದರಂತೆ. "ಅರ್ಧ ಗಂಟೆ ಜಾಸ್ತಿ ಆಯ್ತು" ಎಂದರಂತೆ ಎಸ್ತರಮ್ಮನವರು. ನಮ್ಮ ಸಭೆಯಲ್ಲಿ ಪ್ರಸಂಗ ಚಿಕ್ಕದಾಗಿರುವುದಕ್ಕೆ ಅದೇ ಕಾರಣ.

ಒಂದು ಸೋಮವಾರ ಅವರು ಹೇಳದೆ ಕೇಳದೆ ಬಂದರು. ಸಾಕಮ್ಮ ಮೊರ ಹಿಡಿದು ಹೊಟ್ಟಿನ ಧೂಳಿನ ನಡುವೆ ಕೂತಿದ್ದಳು. ಎಸ್ತರಮ್ಮನವರ ಮುಖ ಕೆಂಪಾಯಿತು.

"ಸುಗುಣ, ದೇವರ ಹೆಸರಲ್ಲಿ ಕೊಡೋ ಅಕ್ಕಿಗೆ ಕೂಲಿ ಮಾಡಿಸ್ಕೋತಿದೀಯಾ?"

"ಅವಳೇ ಮಾಡ್ತಾಳಮ್ಮ, ನಾನು ಹೇಳಿಲ್ಲ."

"ಹಸಿದವಳು ತಾನಾಗೇ ಮಾಡ್ತಾಳೆ. ಮಾಡದೆ ಇದ್ರೆ ಸಿಗಲ್ವೇನೋ ಅಂತ ಮಾಡ್ತಾಳೆ. ಅದು ನಿನಗೆ ತಿಳಿಯಲ್ಲ" ಎಂದು ಮೊರವನ್ನು ಕಸಿದು ಒಳಗಿಟ್ಟು ಬೀಗ ಹಾಕಿದರು.

ಆ ವಾರವೇ ಸಂಘದ ಕೂಟ ಕರೆದರು. ಎಲ್ಲರೆದುರು ಅವರು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಅವರು ಅನಾಥರಾಗಿ ಬೋರ್ಡಿಂಗ್ ಮನೆಯಲ್ಲಿ ಬೆಳೆದವರಂತೆ. ಅದು ನಮಗಾರಿಗೂ ಗೊತ್ತಿರಲಿಲ್ಲ. ಅಲ್ಲಿ ಬೆಳಿಗ್ಗೆ ಎದ್ದು ಭತ್ತ ಕುಟ್ಟದಿದ್ದರೆ ಊಟವಿಲ್ಲ. ಜ್ವರ ಬಂದ ದಿನವೂ ಕುಟ್ಟಿದ್ದರಂತೆ. "ನಮ್ಮ ಸಭೆ ಅಕ್ಕಿ ಕೊಟ್ಟರೆ ಏನೂ ಕೇಳದೆ ಕೊಡಬೇಕು. ಕೆಲಸ ಕೇಳಬಾರದು, ಆರಾಧನೆಗೆ ಬಾ ಅಂತಲೂ ಕೇಳಬಾರದು" ಎಂದರು. ಅಕ್ಕಿ ತೆಗೆದುಕೊಂಡವರು ಭಾನುವಾರ ಬಂದು ಹಿಂದಿನ ಬೆಂಚಿನಲ್ಲಾದರೂ ಕೂರಲಿ ಎಂದು ಬಹಳ ದಿನದಿಂದ ಹಟ ಹಿಡಿದಿದ್ದ ಹಿರಿಯರೊಬ್ಬರು ಬಾಯಿ ಮುಚ್ಚಿಕೊಂಡರು. ನನಗೆ ಖುಷಿಯೋ ಖುಷಿ. ಆ ಹಿರಿಯರ ಜೊತೆ ಜಗಳವಾಡಿ ನನ್ನ ಗಂಟಲು ಒಣಗಿತ್ತು. ಒಂದೇ ಕೂಟದಲ್ಲಿ ತೀರ್ಮಾನವಾಯಿತು.

ಸಾಕಮ್ಮ ಮಾತ್ರ ಆಮೇಲೆ ಸೋಮವಾರಗಳಂದು ಕಟ್ಟೆಯ ಕೊನೆಯಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದವಳಂತೆ ಕೂರುತ್ತಿದ್ದಳು. ಕೊಟ್ಟಾಗ ಈಸಿಕೊಳ್ಳುತ್ತಿದ್ದಳು, ಮುಖ ಎತ್ತುತ್ತಿರಲಿಲ್ಲ. ನಾನು ನೋಡಿದೆ. ಆದರೆ ನನ್ನ ಮುಂದೆ ಇನ್ನೂ ಅಷ್ಟು ಜನ ಕೂತಿರುತ್ತಿದ್ದರು. ಅವಳೊಬ್ಬಳ ಮುಖ ನೋಡುತ್ತ ನಿಲ್ಲುವ ಹೊತ್ತು ನನಗಿರಲಿಲ್ಲ.

ಆ ವರ್ಷ ರಾಜಿಗೆ ಗಂಡು ನಿಶ್ಚಯವಾಯಿತು. ಶ್ರೀರಾಂಪುರದ ಕಡೆಯ ಹುಡುಗ, ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ವರದಕ್ಷಿಣೆಯ ಮಾತೆತ್ತದ ಜನ. ಸಾಕಮ್ಮ ನನ್ನ ಮನೆಗೇ ಬಂದು ಹೇಳಿ ಹೋಗಿದ್ದಳು. ದಸರಾ ಕಳೆದ ಮೇಲೆ ಲಗ್ನ.

ದಸರಾ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದಾಗ ಸಾಕಮ್ಮ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಕರೆದರೆ ಬರಲಿಲ್ಲ.

"ಎಲ್ಲಾ ಕೆಟ್ಟೋಯ್ತು ಅಕ್ಕೋರೆ. ನಾಳಿದ್ದು ಸಂದೇಲಿ ನ್ಯಾಯ ಇಟ್ಟವ್ರೆ. ಕುಲದಿಂದ ಆಚ್ಗೆ ಮಡಗ್ತಾರಂತೆ."

ನಡೆದದ್ದು ಇಷ್ಟು. ಹಿಂದಿನ ದಿನ ಗಂಡಿನ ಕಡೆಯವರು ಮಾತು ಗಟ್ಟಿ ಮಾಡಲು ಬಂದಿದ್ದರು. ತಾಯಿ ಮಗಳು ದಿನಾ ಉಣ್ಣುತ್ತಿದ್ದದ್ದು ರಾಗಿ ಮುದ್ದೆ. ನಮ್ಮ ಅಕ್ಕಿಯನ್ನು ಸಾಕಮ್ಮ ತಿಂಗಳುಗಟ್ಟಲೆ ಮಡಕೆಯಲ್ಲಿ ಕೂಡಿಟ್ಟಿದ್ದಳು, ಬೀಗರು ಬಂದ ದಿನ ಅನ್ನ ಮಾಡಿ ಬಡಿಸಬೇಕೆಂದು. ಬಡಿಸಿದಳು. ಹುಡುಗನ ಸೋದರಮಾವ ಮಾದಯ್ಯ ಎರಡು ತುತ್ತು ತಿಂದು, ಎಲೆಯ ಮೇಲೆ ಅನ್ನ ಹರಡಿ ನೋಡಿದ. ಒಂದು ಕಾಳು ಬಿಳಿ, ಒಂದು ಕೆಂಪು, ಒಂದು ಅಳ್ಳಕ, ಒಂದು ಗಟ್ಟಿ. "ಇದೇನು ತಿರುಪೆ ಎತ್ತಿದ ಅಕ್ಕಿಯಾ?" ಎಂದು ಕೇಳಿದ. ಹಾಗೆ ಬೆರಕೆಯಾಗುವುದು ಮನೆ ಮನೆ ಬೇಡಿದವರ ಅಕ್ಕಿ ಮಾತ್ರ, ಊರಿಗೇ ಗೊತ್ತಿದ್ದ ಸಂಗತಿ. ಭಿಕ್ಷೆಯವಳು ಎನ್ನಿಸಿಕೊಳ್ಳಲಾರದೆ ಸಾಕಮ್ಮ, "ತಿರುಪೆ ಅಲ್ಲ, ಕಿರಸ್ತಾನರ ಗುಡಿ ಅಕ್ಕಿ" ಎಂದುಬಿಟ್ಟಳು. ಮಾದಯ್ಯ ಎಲೆ ಬಿಟ್ಟು ಎದ್ದ. ಬೇರೆ ಮತಕ್ಕೆ ಸೇರಿದವಳ ಮನೆಯಿಂದ ಹೆಣ್ಣು ತರುವುದಿಲ್ಲ ಎಂದ. ಕೇರಿಯ ಯಜಮಾನನ ಕಿವಿಗೂ ಬಿತ್ತು.

"ಎಸರಿಗೆ ಹಾಕೋ ಮುಂಚೆ ಕೇರಿ, ಆರಿಸಿ, ಕುಸುಬಲು ಬೇರೆ ಮಾಡಿ ಬೇಯಿಸೋದಲ್ವಾ ನೀನು?" ಎಂದು ನಾನು ಮೂರ್ಖಳ ಹಾಗೆ ಕೇಳಿದೆ.

"ನಮ್ಮನೇಲಿ ಮೊರ ಎಲ್ಲದೆ ಅಕ್ಕೋರೆ" ಎಂದಳು. "ಆಚ್ಗಾಕುದ್ರೆ ನನ್ಗೇನೂ ಇಲ್ಲ. ಬದುಕಿದ್ದು ಆಯ್ತು. ರಾಜೀನ ಆಮ್ಯಾಕೆ ಯಾರ್ ಕೇಳಾರು? ನಾ ಸತ್ರೆ ಅವ್ಳ ಮನೆ ಬಾಗ್ಲಿಗೆ ಯಾರ್ ಬಂದಾರು?"

ಅನ್ನದ ತಟ್ಟೆ ಹಾಗೇ ಬಿಟ್ಟು ಅಯ್ಯನವರ ಹತ್ತಿರ ಓಡಿದೆ. ಅವರು ಎಲ್ಲ ಕೇಳಿಸಿಕೊಂಡರು. "ನಾನು ಬಂದರೆ ನನ್ನ ನಿಲುವಂಗಿಯೇ ಅವಳ ಮೇಲೆ ಸಾಕ್ಷಿ ಹೇಳುತ್ತೆ. ನೀನು ಹೋಗು. ಎಸ್ತರಮ್ಮನೋರನ್ನ ಕರೆದುಕೊಂಡು ಹೋಗು" ಎಂದರು.

ನಾನು ಆಗಲೇ ಒಂದು ಉಪಾಯ ಹೂಡಿದ್ದೆ. ಅವರ ಕುಲದಲ್ಲಿ ಕೂಲಿಗೆ ತಡೆಯಿಲ್ಲ. ಸಾಬರ ತೋಟದಲ್ಲಿ, ದೊರೆಗಳ ಬಂಗಲೆಯಲ್ಲಿ, ಎಲ್ಲೆಲ್ಲೋ ದುಡಿದು ಕಾಳು ತಂದವರಿದ್ದರು. ಸಾಕಮ್ಮ ಅಕ್ಕಿ ಹಸನು ಮಾಡಿ ಕೂಲಿ ತೆಗೆದುಕೊಳ್ಳುತ್ತಿದ್ದಳು, ಈಗಲೂ ಮಾಡುತ್ತಾಳೆ ಎಂದು ಹೇಳಿಬಿಟ್ಟರೆ ಮುಗಿಯಿತು. ಅರ್ಧ ನಿಜ, ಅರ್ಧ ಸುಳ್ಳು. ಆ ಅರ್ಧ ಸುಳ್ಳನ್ನು ಎಸ್ತರಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುವುದು ಹೇಗೆ?

ನ್ಯಾಯದ ದಿನ ಸಂಜೆ ಜಟಕಾದಲ್ಲಿ ಹೋದೆವು. ದಾರಿಯಲ್ಲಿ ಅವರಿಗೆ ಎಲ್ಲ ತಿಳಿಸಿ, ಧೈರ್ಯ ಮಾಡಿ, "ಅಮ್ಮ, ಅಲ್ಲಿ ನಾನು ಮಾತಾಡ್ತೀನಿ. ನೀವು ಸುಮ್ಮನೆ ಇದ್ದರೆ ಸಾಕು" ಎಂದೆ.

"ನೀನು ಏನು ಹೇಳಬೇಕು ಅಂತಿದೀಯ?"

ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ನನ್ನೆದುರಿಗೆ ಹಾಗೆ ಹೇಳಬೇಡ ಸುಗುಣ. ನಾನು ಸುಮ್ಮನಿರಲ್ಲ" ಎಂದರು. ಮೈದಾನದಲ್ಲಿ ದಸರಾಕ್ಕೆ ಕುದುರೆಗಳ ತಾಲೀಮು ನಡೆದು ಎಲ್ಲೆಲ್ಲೂ ಧೂಳು. ಇಳಿದು ವಾಪಸ್ಸು ಹೋಗಿಬಿಡೋಣ ಎನ್ನಿಸಿತು. ರಾಜಿಯ ಮದುವೆಯನ್ನು ನಾನೇ ಕೈಯಾರೆ ಮುರಿಯಲು ಗಾಡಿ ಕಟ್ಟಿಸಿಕೊಂಡು ಹೊರಟ ಹಾಗಾಗಿತ್ತು.

ಅರಳಿಕಟ್ಟೆಯ ಮೇಲೆ ಯಜಮಾನ ಕೆಂಪಯ್ಯ ಕೂತಿದ್ದ. ವಯಸ್ಸಾದ, ನಿಧಾನದ ಮನುಷ್ಯ. ಕಟ್ಟೆಯ ಕೆಳಗೆ ಕೇರಿಯ ಗಂಡಸರು, ಒಂದು ಕಡೆ ಮಾದಯ್ಯ. ಸಾಕಮ್ಮ ದೂರದಲ್ಲಿ ಒಬ್ಬಳೇ ನಿಂತಿದ್ದಳು. ನಮಗೆ ಚಾಪೆ ಹಾಕಿಸಿದರು.

"ಈಯಮ್ಮನ್ನ ನಿಮ್ ಮತಕ್ಕೆ ಸೇರ್ಸ್ಕಂಡಿದ್ದೀರಾ ಅಮ್ಮೋರೆ?" ಎಂದು ಯಜಮಾನ ಕೇಳಿದ.

"ಇಲ್ಲಪ್ಪ. ಬಾ ಅಂತ ಕರೆದೂ ಇಲ್ಲ. ಅವಳು ಒಂದು ದಿನ ನಮ್ಮ ಆರಾಧನೆಗೆ ಬಂದಿಲ್ಲ" ಎಂದೆ. ಇದು ಪೂರ್ತಿ ನಿಜ. ದನಿ ಗಟ್ಟಿಯಾಗಿಯೇ ಬಂತು.

"ಅಂಗಾರೆ ಅಕ್ಕಿ ಯಾಕೆ ಕೊಟ್ರಿ?"

"ಅವಳು ನಮ್ಮಲ್ಲಿ ಅಕ್ಕಿ ಹಸನು ಮಾಡ್ತಿದ್ದಳು. ಅದಕ್ಕೆ ಕೂಲಿ."

ಯಜಮಾನ ತಲೆಯಾಡಿಸಿದ. ಮಾದಯ್ಯ ಬಿಡಲಿಲ್ಲ. "ಮುಂಚೆ ಮಾಡ್ತಿದ್ದದ್ದು ನಿಜ ಇರ್ಬೋದು ಯಜಮಾನ್ರೆ. ಈಗ್ಗೆ ಅದೆಷ್ಟೋ ದಿನದಿಂದ ಮೊರನೇ ಮುಟ್ಟಿಲ್ವಂತೆ. ಸುಮ್ಕೆ ಕೂತಿರ್ತಾಳಂತೆ, ಇವ್ರು ಸೆರಗಿಗೆ ಸುರೀತಾರಂತೆ. ಜೊತ್ಗೆ ಓಗೋ ಹೆಂಗುಸ್ರೇ ಹೇಳವ್ರೆ. ಕೇಳಿ ಬೇಕಾದ್ರೆ ಈಯಮ್ಮಾರ್ನ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಪಕ್ಕದಲ್ಲಿ ಎಸ್ತರಮ್ಮನವರು ಕೊಡೆಯೂರಿ ಎದ್ದು ನಿಂತರು. ಮುಗಿಯಿತು ಎಂದುಕೊಂಡು ನಾನು ನೆಲ ನೋಡಿದೆ.

ಅವರು ಯಜಮಾನನ ಜೊತೆ ಮಾತಾಡಲಿಲ್ಲ. ಸಾಕಮ್ಮನ ಕಡೆ ತಿರುಗಿ, ಕ್ಲಾಸಿನಲ್ಲಿ ಮಗುವನ್ನು ಎಬ್ಬಿಸಿ ಕೇಳುವ ಹಾಗೆ ಕೇಳಿದರು.

"ಸಾಕಮ್ಮ, ಮೊರ ಮುಟ್ಟಬೇಡ ಅಂತ ನಿನಗೆ ಹೇಳಿದವರು ಯಾರು?"

"ನೀವೇ ಕಣ್ರಮ್ಮ."

"ಆಮೇಲೂ ನೀನು ಅಕ್ಕಿ ಈಸ್ಕೊಂಡೆ. ನಾನು ದಾನ ಅಂತ ಕೊಟ್ಟೆ. ನೀನು ಏನು ಅಂತ ಈಸ್ಕೊಂಡೆ?"

ಸಾಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಕೂಲಿ ಅಂತ್ಲೇ ಈಸ್ಕಂಡೆ ಕಣ್ರಮ್ಮ. ಕೆಲ್ಸ ಬಾಕಿ ಅದೆ ಅಂತ ಈಸ್ಕಂಡೆ. ನಿಮ್ಗೆ ಕ್ವಾಪ ತಗ್ಗಿದ್ ಮ್ಯಾಲೆ ಒಂದಿನ ಮೊರ ಕೊಟ್ಟೀರಿ, ಎಲ್ಲಾನೂ ತೀರ್ಸ್ಬುಡಾನಾ ಅಂತ ಇದ್ದೆ. ಸುಮ್ಕೆ ಈಸ್ಕಳಕೆ ನನ್ಗೆ ಆಗಕಿಲ್ಲ ಅಂತ ಅಕ್ಕೋರ್ಗೆ ಮೊದ್ಲೇ ಹೇಳಿವ್ನಿ."

"ಹೇಳಿದ್ದಳಾ ಸುಗುಣ?"

"ಹೇಳಿದ್ದಳಮ್ಮ" ಎಂದೆ.

ಎಸ್ತರಮ್ಮನವರು ಈಗ ಯಜಮಾನನ ಕಡೆ ತಿರುಗಿದರು. "ಕೇಳಿದ್ರಲ್ಲಪ್ಪ. ಕೊಟ್ಟವಳು ನಾನು, ಈಸ್ಕೊಂಡವಳು ಅವಳು. ನಾನು ಮನಸ್ಸಲ್ಲಿ ಏನು ಅಂದ್ಕೊಂಡು ಕೊಟ್ಟೆ ಅನ್ನೋದು ನನ್ನ ಪಾಡು. ಅವಳು ಕೂಲಿ ಅಂತ ಈಸ್ಕೊಂಡಿದ್ದಾಳೆ. ಕೆಲಸ ತಡೆದದ್ದು ನಾನು, ಅವಳಲ್ಲ. ಬಾಕಿ ಕೆಲಸ ಇದೆ, ಬಂದು ಮಾಡಲಿ. ನಾನು ಇನ್ನು ತಡೆಯಲ್ಲ."

ಯಜಮಾನ ಎಲೆಯಡಿಕೆ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ.

"ಮುಂಗಡ ಕೂಲಿ" ಎಂದ ಕೊನೆಗೆ. "ನಾವೂ ಈಸ್ಕಂಡಿದ್ದೀವಿ, ನಮ್ಮಪ್ಪಂದ್ರೂ ಈಸ್ಕಂಡವ್ರೆ. ಇದ್ರಲ್ಲಿ ಕುಲ ಕೆಡಾ ಅಂತದ್ದು ಏನೂ ಕಾಣೆ."

ಮಾದಯ್ಯ ಗೊಣಗಿದ. "ಅನ್ನನೂ ಬೆಂದಿರ್ನಿಲ್ಲ ಯಜಮಾನ್ರೆ."

"ಅನ್ನ ಬೇಯ್ನಿಲ್ಲಾಂತ ಹೆಣ್ಣು ಬುಟ್ಟೋದೋರು ಯಾರಿದ್ದಾರು? ನಿನ್ನೆಂಡ್ರು ದಿನಾ ಬೆಂದಿರೋ ಅನ್ನನೇ ಇಕ್ತಾಳಾ?" ಎಂದ ಯಜಮಾನ. ಗಂಡಸರೆಲ್ಲ ನಕ್ಕರು. ಕೊನೆಗೆ ಮಾದಯ್ಯನೂ ನಕ್ಕುಬಿಟ್ಟ. ಅವನು ನಕ್ಕದ್ದನ್ನು ನೋಡಿ ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ನನ್ನ ಇಡೀ ಕೆಲಸದ ಕಾಲದಲ್ಲಿ ಅಷ್ಟು ಹಗುರವಾದದ್ದು ಇನ್ನೊಮ್ಮೆ ನೆನಪಿಲ್ಲ.

ಹಿಂದಿರುಗುವಾಗ ಜಟಕಾದಲ್ಲಿ ಎಸ್ತರಮ್ಮನವರು ಹೊರಗೇ ನೋಡುತ್ತಿದ್ದರು. ನನ್ನ ಕಡೆ ತಿರುಗದೆಯೇ, "ನಾನು ಕುಟ್ಟಿದ್ದು ಬೇಡ ಅನ್ನೋಕಾಗದೆ. ಅವಳು ಕೇರಿದ್ದು ತಾನೇ ಕೇಳಿಕೊಂಡು. ಎರಡೂ ಒಂದೇ ಅಂದ್ಕೊಂಡೆ" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಎಸ್ತರಮ್ಮನವರ ಕೈ ಹಿಡಿಯುವ ಧೈರ್ಯ ನನಗಾಗಲಿ ಸಭೆಯ ಇನ್ನಾರಿಗಾಗಲಿ ಅದಕ್ಕೆ ಮುಂಚೆ ಬಂದಿರಲಿಲ್ಲ.

ಸಂಘದಲ್ಲಿ ಮತ್ತೆ ಕೂಟವಾಯಿತು. ಮೊದಲಿನ ತೀರ್ಮಾನಕ್ಕೆ ಅವರೇ ತಿದ್ದುಪಡಿ ತಂದರು. ಕೆಲಸ ಕೇಳಬಾರದು, ಸರಿ. ಆದರೆ ಮಾಡುತ್ತೇನೆ ಎಂದು ಬಂದವರನ್ನು ತಡೆಯಲೂ ಬಾರದು. ಇನ್ನೊಂದು ಮೊರ ಕೊಂಡರು. ಕೆಲವರು ಬಂದು ಕೇರಿದರು, ಕೆಲವರು ಕೂತು ಈಸಿಕೊಂಡು ಹೋದರು. ಇಬ್ಬರಿಗೂ ಅಳತೆ ಒಂದೇ. ಕುಸುಬಲಕ್ಕಿಗೆ ಬೇರೆ ಚೀಲ ಬಂತು. ಹುಡುಗಿಯರೇ, ನೀವು ಕೇಳಿದ ಕಾರ್ಯವಿಧಾನ ನಮ್ಮಲ್ಲಿ ಹುಟ್ಟಿದ್ದು ಹೀಗೆ. ಕೈ ನೀಡುವುದನ್ನು ಯಾರಾದರೂ ಕಲಿಸುತ್ತಾರೆ. ಎದುರಿನವರು ಕೆಲಸಕ್ಕೆ ಕೈ ನೀಡಿದಾಗ ತಡೆಯದೆ ಸುಮ್ಮನಿರುವುದನ್ನು ಕಲಿಯಲು ನನಗೂ ಅವರಿಗೂ ವರ್ಷಗಳೇ ಹಿಡಿದವು.

ದಸರಾ ಕಳೆದು ರಾಜಿಯ ಮದುವೆಯಾಯಿತು. ನಾನೂ ಎಸ್ತರಮ್ಮನವರೂ ಹೋಗಿದ್ದೆವು. ಮಾದಯ್ಯನೇ ಓಡಾಡಿ ನಮಗೆ ಬಡಿಸಿದ. ತಾಳಿ ಕಟ್ಟಿದಾಗ ಸಾಕಮ್ಮ ಅಳಲಿಲ್ಲ. ಇಷ್ಟು ದಿನ ಹೊತ್ತಿದ್ದದ್ದನ್ನು ಕೆಳಗಿಟ್ಟವಳ ಹಾಗೆ ಕಂಬಕ್ಕೆ ಒರಗಿ ಕೂತಿದ್ದಳು.

ಮುಂದಿನ ಸೋಮವಾರ ಅವಳು ಎಲ್ಲರಿಗಿಂತ ಮೊದಲು ಬಂದಳು. ಮೊರ ಹಿಡಿದು ಕೂತಳು. ಹೋಗುವಾಗ ನಾನು ಅಳತೆ ಪಾತ್ರೆ ಎತ್ತಿದರೆ ಸೆರಗು ಒಡ್ಡಲಿಲ್ಲ. "ಬಾಕಿ ತೀರ್ಲಿ ಅಕ್ಕೋರೆ" ಎಂದಳು. ಅದರ ಮುಂದಿನ ಸೋಮವಾರವೂ ಬರಿಗೈಯಲ್ಲೇ ಹೋದಳು. ಅದರಾಚೆಯದೂ ಹಾಗೇ. ಮಗಳಿಲ್ಲದ ಮನೆ, ಒಬ್ಬಳ ದುಡಿಮೆ, ಒಲೆಯ ಮೇಲೆ ಏನಿದೆಯೋ ಎಂದು ನನಗೆ ಸಂಕಟ. ಎಸ್ತರಮ್ಮನವರಿಗೆ ನನಗಿಂತ ಹೆಚ್ಚು. ಅವರು ಸೋಮವಾರಗಳಂದು ತಪ್ಪದೆ ಬಂದು, ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತಿದ್ದರು. ಸಾಕು ಬಿಡು ಎನ್ನುವ ಮಾತು ಅವರ ತುಟಿಯ ತನಕ ಬಂದದ್ದನ್ನು ನಾನು ಎಷ್ಟೋ ಸಲ ಕಂಡೆ. ಒಂದು ಸಲವೂ ಆಡಲಿಲ್ಲ.

ಒಂದು ಸೋಮವಾರ ಸಾಕಮ್ಮ ಕೊನೆಯ ಮೊರ ಕೇರಿ, ಹೊಟ್ಟು ಊದಿ, ಅಕ್ಕಿಯನ್ನು ಚೀಲಕ್ಕೆ ಸುರಿದು ಎದ್ದಳು. ಕೈ ಒರೆಸಿಕೊಂಡು ನೇರವಾಗಿ ಎಸ್ತರಮ್ಮನವರ ಮುಂದೆ ಬಂದು ನಿಂತಳು.

"ತೀರ್ತು ಕಣ್ರಮ್ಮ. ಇವತ್ತಿಂದು ಹೊಸ ಕೂಲಿ. ಅಳೀರಿ" ಎಂದು ಸೆರಗು ಒಡ್ಡಿದಳು.

ಎಸ್ತರಮ್ಮನವರು ನನ್ನ ಕೈಯಿಂದ ಅಳತೆ ಪಾತ್ರೆಯನ್ನು ತೆಗೆದುಕೊಂಡು, ತಾವೇ ಅಳೆದರು. ಸಾಕಮ್ಮ ಮುಖ ಎತ್ತಿ, ಅವರನ್ನು ನೋಡುತ್ತಲೇ ಈಸಿಕೊಂಡಳು.